ಐದೆಕರೆ ಹೊಲಕ್ಕೆ ಚೈನ್ ಲೋಡರ್: ಕಂತು ಕಟ್ಟೋಕೆ ವರ್ಷಕ್ಕೆ ಸಾವಿರ ಗಂಟೆ ಕೆಲಸ ಬೇಕು

ದೊಡ್ಡಬಳ್ಳಾಪುರ: 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದ ಮೇಲೆ ಹಳ್ಳಿ ಕಡೆ ಯಂತ್ರ ಕೊಳ್ಳೋ ಮಾತು ಹೆಚ್ಚಾಗಿದೆ. ಜಿಕೆವಿಕೆ ಕೃಷಿ ಮೇಳ, ತುಮಕೂರು ರಸ್ತೆ ಮಾದಾವರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯೋ ಎಕ್ಸ್‌ಕಾನ್ ಪ್ರದರ್ಶನ ನೋಡಿ ಬಂದವರ ಬಾಯಲ್ಲಿ ಈಗ ಟ್ರಾಕ್ಟರ್ ಜೊತೆಗೆ ಇನ್ನೊಂದು ಹೆಸರು: ರಬ್ಬರ್ ಚೈನ್ ಮೇಲೆ ಓಡೋ ಪುಟ್ಟ ಲೋಡರ್. ಟೈರ್ ಇರೋ ಇದರ ಅಣ್ಣನನ್ನ ಜನ ಕಂಪನಿ ಯಾವುದಾದ್ರೂ ‘ಬಾಬ್‌ಕ್ಯಾಟ್’ ಅಂತಲೇ ಕರೀತಾರೆ.

ಆಸೆ ಹುಟ್ಟೋಕೆ ಕಾರಣ ಇದೆ. ಗೊಬ್ಬರ ತುಂಬೋಕೆ ಆಳು ಸಿಗಲ್ಲ. ಬಾಡಿಗೆ ಜೆಸಿಬಿಗೆ ಫೋನ್ ಮಾಡಿದ್ರೆ ಲೇಔಟ್ ಕೆಲಸ ಮುಗೀಲಿ ಅಂತಾರೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗೋ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯ ಎರಡೂ ಕಡೆ ಮಣ್ಣಿನ ಕೆಲಸ ನಿಂತಿಲ್ಲ. ಒಂದು ದಿನದ ಲೇಔಟ್ ಕೆಲಸ ಬಿಟ್ಟು ಎರಡು ಗಂಟೆಯ ಹೊಲದ ಕೆಲಸಕ್ಕೆ ಗಾಡಿ ಕಳಿಸೋಕೆ ಮಾಲೀಕರಿಗೂ ಮನಸ್ಸಿರಲ್ಲ. ‘ನಮ್ಮದೇ ಒಂದು ಇದ್ದಿದ್ರೆ’ ಅನ್ನೋ ಮಾತು ಅಲ್ಲಿಂದ ಶುರು.

ಆದರೆ ಟ್ರಾಕ್ಟರ್‌ಗೆ ಸಿಕ್ಕ ತೆರಿಗೆ ಇಳಿಕೆ ಲೋಡರ್‌ಗೆ ಸಿಕ್ಕಿಲ್ಲ. ತೆರಿಗೆ ಪಟ್ಟಿಯಲ್ಲಿ ಇದು ಕೃಷಿ ಯಂತ್ರ ಅಲ್ಲ, ಬುಲ್ಡೋಜರ್ ಜೊತೆ ಮಣ್ಣು ಕೆಲಸದ ಯಂತ್ರ. ಜಿಎಸ್‌ಟಿ ಶೇ 18. ತೆರಿಗೆ ಬಿಟ್ಟು 7 ಲಕ್ಷದ ಟ್ರಾಕ್ಟರ್‌ಗೆ ಮೊದಲು 84,000 ತೆರಿಗೆ ಬೀಳ್ತಿತ್ತು, ಈಗ 35,000. ತೆರಿಗೆ ಸೇರಿ 20 ಲಕ್ಷದ ಲೋಡರ್ ಬಿಲ್‌ನಲ್ಲಿ ತೆರಿಗೆಯೇ ಸುಮಾರು 3.05 ಲಕ್ಷ. ಬಾಡಿಗೆ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಮಾಡಿಸಿ ತೆರಿಗೆ ಕಟ್ಟೋರು ಇದನ್ನ ಹೊಂದಿಸಿಕೊಳ್ಳಬಹುದು. ಬರೀ ರೈತನಿಗೆ ಆ ದಾರಿ ಇಲ್ಲ.

ಯಾವ ಕೆಲಸಕ್ಕೆ ಹುಟ್ಟಿದ ಯಂತ್ರ?

ಈ ಜಾತಿಯ ಯಂತ್ರ ಹುಟ್ಟಿದ್ದು ಕೊಟ್ಟಿಗೆಯಲ್ಲಿ. 1957ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಕೆಲ್ಲರ್ ಅನ್ನೋ ಅಣ್ಣತಮ್ಮಂದಿರು ಟರ್ಕಿ ಕೋಳಿ ಸಾಕೋ ರೈತನೊಬ್ಬನಿಗೆ ಒಂದು ಪುಟ್ಟ ಲೋಡರ್ ಮಾಡಿಕೊಟ್ಟರು. ಶೆಡ್ ಒಳಗೆ ಟ್ರಾಕ್ಟರ್ ತಿರುಗ್ತಿರಲಿಲ್ಲ, ಕಂಬಗಳ ನಡುವೆ ಗೊಬ್ಬರ ಬಾಚಬೇಕಿತ್ತು. ನಿಂತ ಜಾಗದಲ್ಲೇ ಸುತ್ತೋ ಗಾಡಿ ಬಂದಿದ್ದು ಅದಕ್ಕೆ. ಮುಂದೆ ಬಾಬ್‌ಕ್ಯಾಟ್ ಆಗಿದ್ದು ಅದೇ. ಟೈರ್ ಬದಲು ರಬ್ಬರ್ ಚೈನ್ ಬಂದಿದ್ದು ಎಷ್ಟೋ ವರ್ಷ ಆದ ಮೇಲೆ.

ಅಂದ್ರೆ ಇದು ತುಂಬೋ, ತಳ್ಳೋ, ಹರಡೋ ಯಂತ್ರ. ಆಳಕ್ಕೆ ಅಗಿಯೋ ಯಂತ್ರ ಅಲ್ಲ. ಜಿಲ್ಲೆಯಲ್ಲಿ ಯಂತ್ರ ಕರೆಸೋ ದೊಡ್ಡ ಕೆಲಸಗಳನ್ನ ನೋಡಿ: ಕೃಷಿಹೊಂಡ ತೋಡೋದು, ಪೈಪ್‌ಗೆ ಕಾಲುವೆ ತೆಗೆಯೋದು, ನೀಲಗಿರಿ ಬೊಡ್ಡೆ ಕೀಳೋದು. ಹೊಸದಾಗಿ ನೀಲಗಿರಿ ಹಾಕೋದನ್ನ ಸರ್ಕಾರ 2017ರಲ್ಲಿ ನಿಲ್ಲಿಸಿದ ಮೇಲೆ ಹಳೇ ತೋಪು ತೆಗೆಸಿ ರಾಗಿಗೋ ತೋಟಕ್ಕೋ ಹೊಲ ಮಾಡಿಸೋರು ಇದ್ದಾರೆ. ಈ ಮೂರೂ ಕೆಲಸ ಜೆಸಿಬಿ ಇಲ್ಲಾ ಹಿಟಾಚಿಯದ್ದು. ಲೋಡರ್ ತಂದು ಬೊಡ್ಡೆಗೆ ಬಕೆಟ್ ಕೊಟ್ಟರೆ ಮೊದಲು ಸೋಲೋದು ಗಾಡಿ.

ಲೋಡರ್‌ಗೆ ಹೇಳಿಸಿದ ಕೆಲಸ ಬೇರೆ: ತಿಪ್ಪೆ ಗೊಬ್ಬರ ಟ್ರೈಲರ್‌ಗೆ ತುಂಬೋದು, ಬೇಸಿಗೇಲಿ ಕೆರೆ ಗೋಡು ಹೊಡೆಯೋದು, ಬದು ಸರಿ ಮಾಡೋದು, ಹೊಲ ಮಟ್ಟ ಮಾಡೋದು, ಕೋಳಿ ಫಾರಂ ಗೊಬ್ಬರ ಬಾಚೋದು, ಮೇವಿನ ಕಟ್ಟು, ಗೊಬ್ಬರದ ಮೂಟೆ ಎತ್ತೋದು. ಆಗರ್ ಹಾಕಿದ್ರೆ ಕಂಬದ ಗುಂಡಿ, ಗಿಡದ ಗುಂಡಿನೂ ಆಗುತ್ತೆ.

ಸ್ವಂತ ಹೊಲಕ್ಕೆ ಎಷ್ಟು ಗಂಟೆ?

ಐದೆಕರೆ, ಐದಾರು ಹಸು ಇರೋ ಮನೆ ಅಂತ ಇಟ್ಕೊಳ್ಳಿ. ಗೊಬ್ಬರಕ್ಕೆ ವರ್ಷಕ್ಕೆ 12 ಗಂಟೆ, ಕೆರೆ ಗೋಡಿಗೆ 12, ಬದು ಮತ್ತು ಮಟ್ಟಕ್ಕೆ 10, ಗುಂಡಿಗೆ 8, ಚಿಲ್ಲರೆ ಕೆಲಸಕ್ಕೆ 8. ಒಟ್ಟು 50 ಗಂಟೆ. ಧಾರಾಳವಾಗಿ ಹಾಕಿದ್ರೂ ಇಷ್ಟೇ.

ಈಗ ಕಂತು. ಲೆಕ್ಕಕ್ಕೆ ಗಾಡಿ 20 ಲಕ್ಷ, ಕೈಯಿಂದ 4 ಲಕ್ಷ, ಸಾಲ 16 ಲಕ್ಷ, ಬಡ್ಡಿ ಶೇ 11, ಅವಧಿ 5 ವರ್ಷ. ತಿಂಗಳ ಕಂತು ಸುಮಾರು 34,800 ರೂಪಾಯಿ. ವರ್ಷಕ್ಕೆ 4.17 ಲಕ್ಷ. 50 ಗಂಟೆಗೆ ಹಂಚಿದ್ರೆ ಗಂಟೆಗೆ 8,350 ರೂಪಾಯಿ, ಅದೂ ಬರೀ ಕಂತು. ಡೀಸೆಲ್, ಡ್ರೈವರ್, ಆಯಿಲ್ ಇನ್ನೂ ಸೇರಿಲ್ಲ.

ಬಾಡಿಗೆಗೆ ಬಿಟ್ಟು ಕಂತು ಕಟ್ತೀವಿ ಅನ್ನೋದು ಎಲ್ಲರ ಉತ್ತರ. ಅದನ್ನೂ ನೋಡೋಣ. ಬಾಡಿಗೆ ಗಂಟೆಗೆ 1,200 ಅಂತ ಇಟ್ಕೊಳ್ಳಿ. ಡೀಸೆಲ್ ಗಂಟೆಗೆ 5 ಲೀಟರ್ ಅಂದ್ರೆ 450 ರೂಪಾಯಿ, ಡ್ರೈವರ್‌ಗೆ 150, ಸರ್ವಿಸ್ ಮತ್ತು ಚೈನ್ ಸವೆತಕ್ಕೆ 200. ಖರ್ಚು 800, ಉಳಿಯೋದು 400. ವರ್ಷದ ಕಂತು ಹುಟ್ಟೋಕೆ ಸುಮಾರು 1,044 ಗಂಟೆ ಓಡಬೇಕು. 300 ದಿನ ಬಿಡದೆ ದಿನಕ್ಕೆ ಮೂರೂವರೆ ಗಂಟೆ. ಮಳೆಗಾಲದಲ್ಲಿ ನಿಂತ ದಿನ, ರಿಪೇರಿ ದಿನ, ಬಾಕಿ ಕೊಡದ ಗಿರಾಕಿ ಎಲ್ಲಾ ಇದರ ಮೇಲೆ. ನಿಮ್ಮೂರಿನ ಬಾಡಿಗೆ ದರ, ನಿಮ್ಮ ಬ್ಯಾಂಕಿನ ಬಡ್ಡಿ ಹಾಕಿ ಇದೇ ಲೆಕ್ಕ ಮಾಡಿ ನೋಡಬಹುದು. ಅಂಕಿ ಸ್ವಲ್ಪ ಆಚೀಚೆ ಆಗುತ್ತೆ, 50 ಗಂಟೆಗೆ ಮಾತ್ರ ಇಳಿಯಲ್ಲ.

ಹಾಗಾಗಿ ಐದೆಕರೆಯವರು ಲೋಡರ್ ಕೊಂಡ ದಿನವೇ ಬಾಡಿಗೆ ವ್ಯಾಪಾರಕ್ಕೆ ಇಳಿದ ಹಾಗೆ. ಸುತ್ತಮುತ್ತ ಎಷ್ಟು ಕೋಳಿ ಫಾರಂ, ಎಷ್ಟು ಡೇರಿ ಶೆಡ್, ಎಷ್ಟು ನರ್ಸರಿ, ಪಾಲಿಹೌಸ್ ಇವೆ, ಅವರು ವರ್ಷಕ್ಕೆ ಎಷ್ಟು ಗಂಟೆ ಕೊಡ್ತಾರೆ ಅನ್ನೋದರ ಮೇಲೆ ಗಾಡಿ ನಿಲ್ಲುತ್ತೆ. ಲೇಔಟ್ ಕೆಲಸ ನಂಬಿಕೊಂಡ್ರೆ ಅಲ್ಲಿ ಎದುರಾಳಿ ಜೆಸಿಬಿ. ಅದು ಅಗಿಯುತ್ತೆ, ತುಂಬುತ್ತೆ, ರಸ್ತೆ ಮೇಲೆ ತಾನೇ ಓಡಿಕೊಂಡು ಬರುತ್ತೆ.

ಚೈನಾ, ಟೈರಾ?

ಚೈನ್‌ಗೆ ಒಂದು ದೊಡ್ಡ ಗುಣ ಇದೆ. ಗಾಡಿ ತೂಕ ಅಗಲಕ್ಕೆ ಹರಡುತ್ತೆ. ಕೆರೆ ಅಂಗಳದ ಹಸಿ ಗೋಡು, ಮಳೆ ಬಂದ ಹೊಲ, ಕೊಟ್ಟಿಗೆ ಹಿಂದಿನ ಕೆಸರಲ್ಲಿ ಟೈರ್ ಗಾಡಿ ಹೂತರೆ ಚೈನ್ ಗಾಡಿ ಓಡುತ್ತೆ. ಹೊಲದ ಮಣ್ಣೂ ಅಷ್ಟು ಗಟ್ಟಿ ಆಗಲ್ಲ.

ಆದರೆ ನಮ್ಮ ಕಡೆ ವರ್ಷದ ಬಹುಪಾಲು ನೆಲ ಒಣ ಕೆಂಪು ಮಣ್ಣು, ಕೆಲವು ಕಡೆ ಗರಸು, ಕಲ್ಲು. ರಬ್ಬರ್ ಚೈನ್ ಬೇಗ ಸವೆಯೋದು ಇಂಥ ನೆಲದಲ್ಲೇ. ಸಾಮಾನ್ಯವಾಗಿ ಒಂದು ಜೊತೆ 1,000ದಿಂದ 1,500 ಗಂಟೆ ಬಾಳುತ್ತೆ. ಮೇಲಿನ ಲೆಕ್ಕದಂತೆ ವರ್ಷಕ್ಕೆ ಸಾವಿರ ಗಂಟೆ ಓಡಿಸಿದ್ರೆ ವರ್ಷ, ಒಂದೂವರೆ ವರ್ಷಕ್ಕೊಮ್ಮೆ ಹೊಸ ಚೈನ್. ನಿಂತಲ್ಲೇ ಗಿರಗಿರ ತಿರುಗಿಸೋ ಡ್ರೈವರ್ ಕೈಯಲ್ಲಿ ಇನ್ನೂ ಬೇಗ.

ಇನ್ನೊಂದು ತೊಡಕು ಸಾಗಣೆ. ಈ ಗಾಡಿಗಳ ತೂಕ ಮೂರೂವರೆಯಿಂದ ಐದು ಟನ್. ಟಾರ್ ರಸ್ತೇಲಿ ಓಡಿಸಿದ್ರೆ ಚೈನೂ ಹಾಳು, ರಸ್ತೆನೂ ಹಾಳು. ಸಾಸಲಿನಿಂದ ತೂಬಗೆರೆಗೆ ಎರಡು ಗಂಟೆ ಕೆಲಸಕ್ಕೆ ಹೋಗಬೇಕಂದ್ರೂ ಲಾರಿ ಇಲ್ಲಾ ಗಟ್ಟಿ ಟ್ರೈಲರ್ ಬೇಕು. ಆ ಬಾಡಿಗೆ ಯಾರು ಕೊಡ್ತಾರೆ ಅಂತ ಮೊದಲೇ ಮಾತಾಡದಿದ್ರೆ ಗಂಟೆಗೆ ಉಳಿಯೋ 400 ಅಲ್ಲೇ ಹೋಗುತ್ತೆ.

ಎತ್ತೋ ತೂಕದಲ್ಲೂ ಒಂದು ಸೂಕ್ಷ್ಮ ಇದೆ. ಗಾಡಿ ಮುಂದಕ್ಕೆ ಮುಗ್ಗರಿಸೋ ತೂಕದಲ್ಲಿ ಟೈರ್ ಲೋಡರ್‌ಗೆ ಅರ್ಧ, ಚೈನ್ ಲೋಡರ್‌ಗೆ ಶೇ 35ರಷ್ಟನ್ನ ಸುರಕ್ಷಿತ ಅಂತ ಬರೀತಾರೆ. ಎರಡು ಪಟ್ಟಿ ಪಕ್ಕ ಇಟ್ಟು ನೋಡೋವಾಗ ಯಾವ ಲೆಕ್ಕದ ಅಂಕಿ ಅಂತ ಕೇಳಬೇಕು. 0.4 ಘನ ಮೀಟರ್ ಬಕೆಟ್‌ನಲ್ಲಿ ಮಣ್ಣು ತುಂಬಿದ್ರೆ ಸುಮಾರು 600 ಕೆ.ಜಿ. ಅದನ್ನ ಟ್ರೈಲರ್ ಎತ್ತರಕ್ಕೆ ಎತ್ತಿ ಸುರಿಯೋಕೆ ಆಗುತ್ತಾ ಅನ್ನೋದನ್ನ ಕಣ್ಣಾರೆ ನೋಡಬೇಕು.

ಅಳತೆ ಟೇಪ್ ಹಿಡಿದು ಹೋಗಿ

ಶೋರೂಂಗೆ ಹೋಗೋ ಮುಂಚೆ ಮನೇಲಿ ಅಳೆಯಬೇಕಾದ್ದು ನಾಲ್ಕಿದೆ. ಕೊಟ್ಟಿಗೆ ಬಾಗಿಲ ಅಗಲ, ಎತ್ತರ. ಪಾಲಿಹೌಸ್ ಬಾಗಿಲು. ದ್ರಾಕ್ಷಿ ಚಪ್ಪರದ ಎತ್ತರ, ಸಾಲಿನ ಅಂತರ. ಹೊಲಕ್ಕೆ ಹೋಗೋ ದಾರಿಯ ಅತಿ ಕಿರಿದಾದ ಜಾಗ. ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ದ್ರಾಕ್ಷಿ ಚಪ್ಪರದ ಕೆಳಗೆ ಕ್ಯಾಬಿನ್ ಇರೋ ಎಷ್ಟೋ ಮಾದರಿ ನುಗ್ಗಲ್ಲ. ಚಪ್ಪರಕ್ಕೆ ತಾಗುತ್ತೆ ಅಂತ ಗಾಡಿ ಮನೆಗೆ ಬಂದ ಮೇಲೆ ಗೊತ್ತಾದ್ರೆ ಪ್ರಯೋಜನ ಇಲ್ಲ.

ಹಳೇ ಗಾಡಿ ಆದ್ರೆ ಮೀಟರ್ ಒಂದನ್ನೇ ನಂಬಬೇಡಿ. ಚೈನ್ ಒಳಗಿನ ಹಲ್ಲು, ಅದನ್ನ ಎಳೆಯೋ ಸ್ಪ್ರಾಕೆಟ್, ಕೆಳಗಿನ ರೋಲರ್‌ಗಳು, ತೋಳಿನ ಪಿನ್ನು-ಬುಷ್ ಆಟ, ಹೈಡ್ರಾಲಿಕ್ ಪೈಪ್ ಬುಡದ ಒದ್ದೆ ನೋಡಿ. ಎಂಜಿನ್ ತಣ್ಣಗಿರೋವಾಗ ಸ್ಟಾರ್ಟ್ ಮಾಡಿಸಿ. ಮೂಲ ಬಿಲ್, ಸಾಲ ತೀರಿದ ಎನ್‌ಒಸಿ ಕೈಗೆ ಬರೋವರೆಗೂ ಮುಂಗಡ ಬೇಡ.

ಹೊಸದಾದ್ರೂ ಹಳೇದಾದ್ರೂ ಕೇಳಬೇಕಾದ ಪ್ರಶ್ನೆ: ಚೈನ್, ಫಿಲ್ಟರ್, ಹೈಡ್ರಾಲಿಕ್ ಸೀಲ್ ಎಷ್ಟು ದಿನಕ್ಕೆ ಸಿಗುತ್ತೆ, ಮೆಕ್ಯಾನಿಕ್ ಎಲ್ಲಿಂದ ಬರ್ತಾನೆ? ಜೆಸಿಬಿಗೆ ಹೆದ್ದಾರಿ ಬದಿಯಲ್ಲೇ ಮೆಕ್ಯಾನಿಕ್ ಸಿಗ್ತಾರೆ. ಚೈನ್ ಲೋಡರ್ ಕೈಗೆ ಹತ್ತಿದವರು ಕಡಿಮೆ.

ಮಧ್ಯದ ದಾರಿಗಳು

ಮನೇಲಿ ಆಗಲೇ ಟ್ರಾಕ್ಟರ್ ಇದ್ರೆ ಮುಂದೆ ಹಾಕೋ ಲೋಡರ್ ಮೊದಲು ನೋಡೋದು ಒಳ್ಳೇದು. ಅದಕ್ಕೆ 3 ಲಕ್ಷ ಅಂತ ಇಟ್ಕೊಂಡ್ರೂ ಐದು ವರ್ಷಕ್ಕೆ ಹಂಚಿದ್ರೆ ಬಡ್ಡಿ ಬಿಟ್ಟು ವರ್ಷಕ್ಕೆ 60,000. 50 ಗಂಟೆಗೆ ಬಾಡಿಗೆ ದರಕ್ಕೆ ಸಮ, ಡೀಸೆಲ್ ಬೇರೆ. 100 ಗಂಟೆ ಓಡಿದ್ರೆ ಗಂಟೆಗೆ 600. ಫಸಲಿನ ಹೊತ್ತಲ್ಲಿ ಯಾರಿಗೂ ಕಾಯಬೇಕಿಲ್ಲ ಅನ್ನೋದು ಲಾಭ. ಫೋರ್ ವೀಲ್ ಡ್ರೈವ್ ಆದ್ರೆ ಒಳ್ಳೇದು. ಟೂ ವೀಲ್ ಡ್ರೈವ್‌ನಲ್ಲಿ ಮುಂದಿನ ಆಕ್ಸಲ್ ಮೇಲೆ ಭಾರ ಬೀಳುತ್ತೆ, ಹಿಂದೆ ತೂಕ ಕಟ್ಟದಿದ್ರೆ ಹಿಂದಿನ ಚಕ್ರ ಹಗುರ ಆಗುತ್ತೆ.

ಎರಡನೇದು ಗುಂಪು. ಹತ್ತು ಮನೆ ಸೇರಿದ್ರೂ ತಲಾ 50 ಗಂಟೆಯಂತೆ ಆಗೋದು 500 ಗಂಟೆ. ಇಪ್ಪತ್ತು ಮನೆ, ಇಲ್ಲಾ ಹತ್ತು ಮನೆ ಮತ್ತು ಒಂದೆರಡು ದೊಡ್ಡ ಕೋಳಿ ಫಾರಂ ಬೇಕು. 2020ರಲ್ಲಿ ಕೇಂದ್ರ ತಂದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಶೇ 3 ಬಡ್ಡಿ ರಿಯಾಯಿತಿ ಇದೆ. ಸಿಕ್ಕರೂ 16 ಲಕ್ಷದ ಸಾಲಕ್ಕೆ ತಿಂಗಳಿಗೆ ಉಳಿಯೋದು ಸುಮಾರು 2,350 ರೂಪಾಯಿ. ಲೋಡರ್ ಅದರಡಿ ಬರುತ್ತಾ ಅಂತ ಬ್ಯಾಂಕಿನಿಂದ ಬರಹದಲ್ಲೇ ಪಡೀಬೇಕು.

ಸಬ್ಸಿಡಿ ವಿಷಯದಲ್ಲೂ ಅಷ್ಟೇ. ಕೃಷಿ ಇಲಾಖೆಯ ಯಾಂತ್ರೀಕರಣ ಸಹಾಯಧನ ಇರೋದು ಟಿಲ್ಲರ್, ರೋಟವೇಟರ್, ಮಿನಿ ಟ್ರಾಕ್ಟರ್ ತರದ ಕೃಷಿ ಯಂತ್ರಗಳಿಗೆ. ‘ಸಬ್ಸಿಡಿ ಮಾಡಿಸಿಕೊಡ್ತೀವಿ’ ಅನ್ನೋ ಬಾಯಿ ಮಾತು ನಂಬೋ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಪಟ್ಟಿ ನೋಡೋದು ವಾಸಿ. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲೂ ಮುಖ್ಯವಾಗಿ ಉಳುಮೆ, ಬಿತ್ತನೆ, ಕೊಯ್ಲಿನ ಯಂತ್ರಗಳು. ಕೋಳಿ, ಹೈನು, ಹೂವು ಇಷ್ಟು ಬೆಳೆದಿರೋ ಜಿಲ್ಲೆಯಲ್ಲಿ ಹೋಬಳಿಗೊಂದು ಪುಟ್ಟ ಲೋಡರ್ ಅಲ್ಲಿ ಇಟ್ಟರೆ ಎಷ್ಟೋ ಮನೆಗಳ ಸಾಲ ತಪ್ಪುತ್ತೆ. ಗ್ರಾಮಸಭೆಯಲ್ಲಿ, ರೈತ ಸಂಘಗಳಲ್ಲಿ ಎತ್ತಬೇಕಾದ ಬೇಡಿಕೆ ಇದು.

ಅಡ ಇರೋದು ಜಮೀನು

ಈ ಜಿಲ್ಲೆಯಲ್ಲಿ ಸಾಲ ಸಿಗೋದು ಕಷ್ಟ ಅಲ್ಲ. ಹೆದ್ದಾರಿ, ವಿಮಾನ ನಿಲ್ದಾಣದ ಸುತ್ತ ಎಕರೆ ಬೆಲೆ ಏರಿರೋದ್ರಿಂದ ಪಹಣಿ ತೋರಿಸಿದ್ರೆ ಕೊಡೋರು ಇದ್ದಾರೆ. ಭೂಸ್ವಾಧೀನದ ಪರಿಹಾರ ಬಂದ ಮನೆಗಳಲ್ಲಿ ಮಗನಿಗೊಂದು ಗಾಡಿ ಅನ್ನೋ ಮಾತೂ ಹೊಸದಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತ ಮೇಲೆ 2025ರ ಜುಲೈ 15ರಂದು 1,777 ಎಕರೆ ಸ್ವಾಧೀನವನ್ನ ಸರ್ಕಾರ ಕೈಬಿಟ್ಟಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಳ್ಳೋ ಜಮೀನನ್ನ ವರ್ಷಕ್ಕೆ 50 ಗಂಟೆ ಕೆಲಸದ ಗಾಡಿಗೆ ಅಡ ಇಡೋ ಮುಂಚೆ ಯೋಚಿಸಬೇಕು. ಸಾಲ ಮಾಡಲೇಬೇಕಂದ್ರೆ ಗಾಡಿ ಮಾತ್ರ ಅಡ ಇರೋ ಸಾಲ ಕೇಳಿ. ಸಹಿ ಹಾಕೋ ಕಾಗದದಲ್ಲಿ ಸರ್ವೆ ನಂಬರ್ ಇದೆಯಾ ಅಂತ ಓದಿಸಿ ನೋಡಿ.

ಅವಸರ ಇಲ್ಲದವರಿಗೆ ಸುಲಭದ ಪರೀಕ್ಷೆ ಒಂದಿದೆ. ಈ ಉಗಾದಿಯಿಂದ ಮುಂದಿನ ಉಗಾದಿವರೆಗೆ ಯಂತ್ರ ಕರೆಸಿದ ಪ್ರತಿ ಸಲ ದಿನ, ಕೆಲಸ, ಗಂಟೆ, ಕೊಟ್ಟ ದುಡ್ಡು ಒಂದು ಪುಸ್ತಕದಲ್ಲಿ ಬರೆದಿಡಿ. ಗಾಡಿ ಸಿಗದೆ ಕಾದ ದಿನಗಳನ್ನೂ ಬರೀರಿ. ಅಕ್ಕಪಕ್ಕದ ಹತ್ತು ಮನೆಯವರಿಂದಲೂ ಬರೆಸಿ. ಆ ಪುಸ್ತಕದಲ್ಲಿ ಲೋಡರ್ ಕೆಲಸದ ಗಂಟೆ ಸಾವಿರದ ಹತ್ತಿರ ಬಂದ್ರೆ ಡೀಲರ್ ಹತ್ರ ಹೋಗಿ, ನಿಮ್ಮದೇ ತಿಪ್ಪೆ ಮುಂದೆ ಡೆಮೊ ಕೇಳಿ. ಇನ್ನೂರು ಗಂಟೆ ಒಳಗಿದ್ರೆ ಬಾಡಿಗೆ ಗಾಡಿಯವರ ಜೊತೆ ಹತ್ತೂ ಮನೆ ಸೇರಿ ದರ, ದಿನ ಮೊದಲೇ ಮಾತಾಡಿಕೊಳ್ಳೋದೇ ಅಗ್ಗ.