ಮನೆಯ ಪಕ್ಷ, ಮನದ ಪಕ್ಷ

ಗೆಲ್ಲುವ ತಂಡವನ್ನು ಮೆಚ್ಚಿಕೊಳ್ಳಲು ಯಾರಿಗೂ ಕಾರಣ ಬೇಕಾಗುವುದಿಲ್ಲ. ಸೋಲುವ ತಂಡದ ಕಡೆ ನಿಂತವರು ಮಾತ್ರ ಮನೆಯಲ್ಲಿಯೂ ಕಚೇರಿಯಲ್ಲಿಯೂ ಸಮಜಾಯಿಷಿ ಕೊಡುತ್ತಲೇ ಇರಬೇಕಾಗುತ್ತದೆ. ಕೊಲ್ಕತ್ತದ ಈಸ್ಟ್ ಬೆಂಗಾಲ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳಾದ ನಮಗೆ ಇದು ರೂಢಿಯಾಗಿಬಿಟ್ಟಿದೆ. ನಮ್ಮ ಮೇಲಿನ ಆಪಾದನೆ ಇಮ್ಮಡಿಯದು. ಏಕೆಂದರೆ ನಮ್ಮ ಮನೆತನದ್ದು ಮೋಹನ್ ಬಗಾನ್ ಪಕ್ಷ. ಕೇಂದ್ರ ಸರ್ಕಾರದ ನೌಕರಿಯಲ್ಲಿ ಬಹುಕಾಲ ಕೊಲ್ಕತ್ತದಲ್ಲಿದ್ದ ದೊಡ್ಡಪ್ಪನವರು ಧಾರವಾಡಕ್ಕೆ ಮರಳುವಾಗ ಆ ನಿಷ್ಠೆಯನ್ನೂ ಜೊತೆಗೆ ತಂದಿದ್ದರು. ವರ್ಷಗಳ ಮೇಲೆ ಅದೇ ಊರಿಗೆ ವರ್ಗವಾಗಿ ಹೋದ ನಾವು ಎದುರು ಪಾಳೆಯವನ್ನು ಸೇರಿದೆವು.

ಮೋಹನ್ ಬಗಾನಿನ ಹಿರಿಮೆಯನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. 1889ರಲ್ಲಿ ಹುಟ್ಟಿದ ಈ ಕ್ಲಬ್ಬು 1911ರ ಜುಲೈ 29ರಂದು ಐ.ಎಫ್.ಎ. ಶೀಲ್ಡ್ ಅಂತಿಮ ಪಂದ್ಯದಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿತು. ಬೂಟು ತೊಟ್ಟ ಸೈನಿಕರ ಎದುರು ಬಹುತೇಕ ಬರಿಗಾಲಿನಲ್ಲಿ ಆಡಿ ಪಡೆದ ಆ ಗೆಲುವು ಇಡೀ ದೇಶದ ಸ್ವತ್ತು. ಇಂಥ ಪರಂಪರೆಗೆ ಮನಸೋಲದವರು ಯಾರು? ದೊಡ್ಡಪ್ಪನವರ ಅಭಿಮಾನಕ್ಕೆ ಇಷ್ಟು ಆಧಾರ ಸಾಕು.

ಈಸ್ಟ್ ಬೆಂಗಾಲ್ ಹುಟ್ಟಿದ್ದು ಒಂದು ಮುನಿಸಿನಿಂದ. 1920ರಲ್ಲಿ ಮೋಹನ್ ಬಗಾನ್ ವಿರುದ್ಧದ ಪಂದ್ಯಕ್ಕೆ ಜೋಡಾಬಾಗಾನ್ ತಂಡವು ಶೈಲೇಶ್ ಬೋಸ್ ಎಂಬ ಆಟಗಾರನನ್ನು ಕೈಬಿಟ್ಟಿತು. ಇದನ್ನು ಪ್ರತಿಭಟಿಸಿ ಹೊರಬಂದ ಸುರೇಶ್‌ಚಂದ್ರ ಚೌಧುರಿ ಮತ್ತು ಅವರ ಒಡನಾಡಿಗಳು ಆಗಸ್ಟ್ 1ರಂದು ಪೂರ್ವ ಬಂಗಾಳದವರ ಹೆಸರಿನಲ್ಲಿಯೇ ಹೊಸ ಕ್ಲಬ್ಬನ್ನು ಕಟ್ಟಿದರು. ದೇಶವಿಭಜನೆಯ ತರುವಾಯ ಮನೆ-ಮಠ ಬಿಟ್ಟು ಬಂದ ಅಸಂಖ್ಯ ನಿರಾಶ್ರಿತರಿಗೆ, ಕಳೆದುಹೋದ ಊರಿನ ಹೆಸರು ಉಳಿದಿದ್ದ ಕೆಲವೇ ಕಡೆಗಳಲ್ಲಿ ಈ ಕ್ಲಬ್ಬೂ ಒಂದು. ಇವರು ಗೆದ್ದರೆ ಮಾರುಕಟ್ಟೆಯಲ್ಲಿ ಇಲಿಶ್ ಮೀನು ತುಟ್ಟಿ, ಅವರು ಗೆದ್ದರೆ ಸಿಗಡಿ ತುಟ್ಟಿ ಎಂಬ ಮಾತು ಕೊಲ್ಕತ್ತದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

1970ರಿಂದ 1975ರವರೆಗೆ ಸತತ ಆರು ಬಾರಿ ಕಲ್ಕತ್ತಾ ಲೀಗ್ ಗೆದ್ದ, 2003ರಲ್ಲಿ ಜಕಾರ್ತದಲ್ಲಿ ಆಸಿಯಾನ್ ಕ್ಲಬ್ ಪ್ರಶಸ್ತಿಯನ್ನು ಎತ್ತಿಹಿಡಿದ ತಂಡವಿದು. ಆದರೆ ನಾವು ಸೇರಿಕೊಂಡದ್ದು ಇಳಿಗಾಲದಲ್ಲಿ. 2020ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಬಂದ ಮೇಲೆ ಮೊದಲ ಐದು ಋತುಗಳಲ್ಲಿ ಒಮ್ಮೆಯೂ ಪ್ಲೇಆಫ್ ಹಂತವನ್ನು ಮುಟ್ಟಲಿಲ್ಲ. 2021-22ರಲ್ಲಿ 20 ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದು ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಮೋಹನ್ ಬಗಾನ್ ಪ್ರಶಸ್ತಿಯ ಮೇಲೆ ಪ್ರಶಸ್ತಿ ಗಳಿಸಿತು. ಪ್ರತಿ ಡರ್ಬಿ ಮುಗಿದೊಡನೆ ಧಾರವಾಡದಿಂದ ಫೋನು ಬರುತ್ತಿತ್ತು: “ಏನಪ್ಪಾ ತಮ್ಮಾ, ನಿಮ್ಮವರು ಇವತ್ತರ ಊಟಾ ಮಾಡಿ ಬಂದಿದ್ದರೋ ಇಲ್ಲೋ?” 2024ರ ಜನವರಿಯಲ್ಲಿ ಸೂಪರ್ ಕಪ್ಪಿನಲ್ಲಿ ಮೋಹನ್ ಬಗಾನನ್ನು 3-1ರಿಂದ ಮಣಿಸಿ, ಬಳಿಕ ಒಡಿಶಾ ತಂಡವನ್ನು ಸೋಲಿಸಿ ಕಪ್ ಗೆದ್ದಾಗ ಮಾತ್ರ ಆ ಫೋನು ಮೌನವಾಗಿತ್ತು.

ಬಂಗಾಳದ ಯಾವ ನಂಟೂ ಇಲ್ಲದ ಕನ್ನಡಿಗರು ನಿರಾಶ್ರಿತರ ಕ್ಲಬ್ಬಿಗೆ ಹೇಗೆ ಸೇರಿದವರಾಗುತ್ತಾರೆ ಎಂದು ಕೇಳುವವರುಂಟು. ಉತ್ತರ ಆ ಕ್ಲಬ್ಬಿನ ಚರಿತ್ರೆಯಲ್ಲಿಯೇ ಇದೆ. 1950ರ ಆಸುಪಾಸಿನಲ್ಲಿ ಅದರ ಮುಂಚೂಣಿಯಲ್ಲಿ ಆಡಿದ ಐವರನ್ನು ಅಭಿಮಾನಿಗಳು ‘ಪಂಚ ಪಾಂಡವರು’ ಎಂದು ಕರೆದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರೂ ದಕ್ಷಿಣದವರು. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. ಇವರಿದ್ದ ತಂಡ 1949ರಿಂದ ಮೂರು ವರ್ಷ ಸತತವಾಗಿ ಶೀಲ್ಡ್ ಗೆದ್ದಿತು. ಹುಟ್ಟಿದ ನೆಲದ ಹೆಸರನ್ನೇ ಹೊತ್ತ ಕ್ಲಬ್ಬು, ಆ ನೆಲವನ್ನು ಕಾಣದವರನ್ನು ತನ್ನ ಪಾಂಡವರೆಂದು ಒಪ್ಪಿಕೊಂಡಿತು. ಮಣ್ಣಿನ ನಂಟಿಲ್ಲದೆಯೂ ಒಂದು ಬಳಗಕ್ಕೆ ಸೇರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ಕ್ಲಬ್ಬಿನ ಬಣ್ಣ ಕೆಂಪು ಮತ್ತು ಹೊನ್ನು ಎಂಬುದು ಕನ್ನಡ ಬಾವುಟದ ಕೆಳಗೆ ಬೆಳೆದ ನಮಗೆ ಸಿಕ್ಕ ಕೊಸರು.

ಮನೆಯ ಪಕ್ಷವನ್ನು ಬಿಟ್ಟವರು ಮನೆಯನ್ನೂ ಬಿಟ್ಟಂತೆ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಪಕ್ಷವನ್ನು ರಕ್ತಸಂಬಂಧವೆಂದು ಭಾವಿಸಿದಾಗ ಏನಾಗುತ್ತದೆಂಬುದನ್ನು 1980ರ ಆಗಸ್ಟ್ 16ರ ಈಡನ್ ಗಾರ್ಡನ್ಸ್ ತೋರಿಸಿದೆ. ಅಂದಿನ ಡರ್ಬಿಯ ಗಲಭೆ, ನೂಕುನುಗ್ಗಲಿನಲ್ಲಿ 16 ಮಂದಿ ಅಭಿಮಾನಿಗಳು ಪ್ರಾಣ ತೆತ್ತರು. ಇದಕ್ಕೆ ಪ್ರತಿಯಾಗಿ 2024ರ ಆಗಸ್ಟ್ 18ನ್ನು ನೆನೆಯಬೇಕು. ಆರ್.ಜಿ. ಕರ್ ಆಸ್ಪತ್ರೆಯ ತರುಣ ವೈದ್ಯೆಯ ಹತ್ಯೆಯಿಂದ ನಗರವೇ ಕುದಿಯುತ್ತಿದ್ದುದರಿಂದ ಅಂದಿನ ಡ್ಯುರಾಂಡ್ ಕಪ್ ಡರ್ಬಿಯನ್ನು ರದ್ದುಪಡಿಸಲಾಗಿತ್ತು. ಆದರೂ ಎರಡೂ ತಂಡಗಳ ಅಭಿಮಾನಿಗಳು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಒಟ್ಟಿಗೆ ಸೇರಿ ನ್ಯಾಯಕ್ಕಾಗಿ ಕೂಗಿದರು, ಪೊಲೀಸರ ಲಾಠಿಗೂ ಒಟ್ಟಿಗೇ ಎದುರಾದರು. ಎದುರಾಳಿಯಾಗಿರುವುದು ಬೇರೆ, ಹಗೆಯಾಗಿರುವುದು ಬೇರೆ. ಊರಿಗೆ ಹೋದಾಗ ದೊಡ್ಡಪ್ಪನವರ ಪಕ್ಕದಲ್ಲಿಯೇ ಕುಳಿತು ನಾವು ಡರ್ಬಿ ನೋಡುತ್ತೇವೆ; ಗೋಲಾದಾಗ ಒಬ್ಬರು ಏಳುತ್ತಾರೆ, ಇನ್ನೊಬ್ಬರು ಚಹದ ಲೋಟ ಕೈಗೆತ್ತಿಕೊಳ್ಳುತ್ತಾರೆ.

ನಾವೇ ಆರಿಸಿಕೊಂಡ ನಿಷ್ಠೆ ಹಗುರವಾದದ್ದು, ನಾಳೆ ಬದಲಾದೀತು ಎಂಬುದು ಇನ್ನೊಂದು ಆಕ್ಷೇಪ. ನಿಷ್ಠೆಯ ತೂಕ ತಿಳಿಯುವುದು ಅದು ಎಲ್ಲಿಂದ ಬಂತು ಎಂಬುದರಿಂದಲ್ಲ, ಸೋಲಿನ ಮರುದಿನವೂ ಉಳಿಯಿತೇ ಎಂಬುದರಿಂದ.

ಹೊರನಾಡಿನಲ್ಲಿರುವ ನಮಗೆಲ್ಲ ಈ ಮಾತು ಚೆಂಡಾಟವನ್ನು ಮೀರಿದ್ದು. ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಬೆಳೆಯುತ್ತಿರುವ ಮಕ್ಕಳು ನಮ್ಮ ತಂಡವನ್ನೇ ಮೆಚ್ಚಬೇಕು, ನಮ್ಮ ನುಡಿಯನ್ನೇ ಹಚ್ಚಿಕೊಳ್ಳಬೇಕು ಎಂದು ನಾವು ಹಟ ಹಿಡಿಯುತ್ತೇವೆ. ಕನ್ನಡವು ಅವರಿಗೆ ಪಿತ್ರಾರ್ಜಿತವೆಂದು ನಂಬಿ ನಿಶ್ಚಿಂತರಾಗುತ್ತೇವೆ. ಆಸ್ತಿಯನ್ನು ಬರೆದುಕೊಡಬಹುದು, ಅಕ್ಕರೆಯನ್ನು ಹಾಗೆ ಬರೆದುಕೊಡಲಾಗದು. ಖಾಲಿ ಕುರ್ಚಿಗಳೇ ಹೆಚ್ಚಾಗಿರುವ ಕನ್ನಡ ಸಂಘದ ಕಾರ್ಯಕ್ರಮಕ್ಕೆ ನಾವು ತಪ್ಪದೆ ಹೋಗುವುದನ್ನು ಮಕ್ಕಳು ನೋಡಿದರೆ, ಅವರೂ ಒಂದು ದಿನ ತಾವಾಗಿಯೇ ಬಂದು ಪಕ್ಕದ ಕುರ್ಚಿಯಲ್ಲಿ ಕೂರಬಹುದು. ಬಾರದಿದ್ದರೂ, ತಾವು ಮೆಚ್ಚಿದ್ದರ ಬಳಿ ಸೋಲಿನಲ್ಲಿಯೂ ನಿಲ್ಲುವುದನ್ನು ಅವರು ನಮ್ಮಿಂದ ಕಲಿತಿದ್ದರೆ ಸಾಕು.