ವಕೀಲನೂ ಅಲ್ಲ, ಗುಮಾಸ್ತನೂ ಅಲ್ಲ

ಬೀದರಿನಿಂದ ಅವ್ವ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ. "ಕಾನೂನು ಓದಿದಿ. ಕರಿ ಕೋಟು ಹಾಕೋದಿಲ್ಲ, ಕೋರ್ಟಿಗಿ ಹೋಗೋದಿಲ್ಲ. ಮತ್ತ ನಿನ್ನ ನೌಕರಿ ಏನದಪ್ಪಾ?"

ನಾನು ಹೈದರಾಬಾದಿನ ಗಚ್ಚಿಬೌಲಿಯ ಒಂದು ಕಛೇರಿಯಲ್ಲಿ ಕಾರ್ಪೊರೇಟ್ ಪ್ಯಾರಾಲೀಗಲ್. ಕಂಪನಿಗಳ ಕರಾರು ಓದುವುದು, ಠರಾವಿನ ಕರಡು ಬರೆಯುವುದು, ವಾರ್ಷಿಕ ಸಭೆಯಾದ 30 ದಿನದೊಳಗೆ ಲೆಕ್ಕಪತ್ರ, 60 ದಿನದೊಳಗೆ ವಾರ್ಷಿಕ ವಿವರಪತ್ರ ರಿಜಿಸ್ಟ್ರಾರರಿಗೆ ಮುಟ್ಟುವಂತೆ ನೋಡುವುದು. ತಪ್ಪಿದರೆ ಒಂದೊಂದು ಫಾರ್ಮಿಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಬರಹ ನನ್ನದು, ಸಹಿ ಇನ್ನೊಬ್ಬರದು.

ನಮ್ಮ ಬಳಗದ ಕಿರಿಯ ಗೆಳೆಯರು ಈಚೆಗೆ ಈ ಕೆಲಸದ ಬಗ್ಗೆ ಬಹಳ ವಿಚಾರಿಸುತ್ತಿದ್ದಾರೆ. ಎ.ಸಿ. ರೂಮು, ತಿಂಗಳ ಸಂಬಳ, ಇಂಗ್ಲಿಷ್ ಬಂದರೆ ಸಾಕು ಎಂದು ಯಾರೋ ಕಿವಿಯಲ್ಲಿ ಊದಿದ್ದಾರೆ. ನನ್ನ ತಕರಾರು ಇಲ್ಲೇ. ಈ ಕೆಲಸಕ್ಕೆ ನಮ್ಮ ದೇಶದಲ್ಲಿ ಸನದು ಅಂತ ಒಂದಿಲ್ಲ. 1961ರ ಅಡ್ವೊಕೇಟರ ಕಾಯಿದೆ ವಕೀಲಿ ಮಾಡಲು ಒಂದೇ ವರ್ಗವನ್ನು ಒಪ್ಪುತ್ತದೆ, ಅದು ಅಡ್ವೊಕೇಟರದು. ಸನದು ಪಡೆದವನೂ ಪೂರ್ಣಾವಧಿ ಸಂಬಳಕ್ಕೆ ಸೇರಿದರೆ ವಕೀಲಿ ನಿಲ್ಲಿಸಬೇಕು. ಕಂಪನಿ ಸೆಕ್ರೆಟರಿಗಳಿಗೆ 1980ರ ಕಾಯಿದೆಯುಂಟು, ಸಂಸ್ಥೆಯುಂಟು, ಪರೀಕ್ಷೆಯುಂಟು. ನಮಗೆ? ಕೊರಳಲ್ಲಿ ತೂಗುವ ಗುರುತಿನ ಚೀಟಿ.

ಹಾಗಂತ ಇದೇನು ಹೀನ ಕೆಲಸವೇ? ಅಲ್ಲ. ನಿಜಾಮರ ಕಾಲದಲ್ಲಿ ನಮ್ಮ ಬೀದರ, ಗುಲಬರ್ಗಾ, ರಾಯಚೂರಿನ ಸರ್ಕಾರಿ ದಸ್ತಾವೇಜು ಉರ್ದುವಿನಲ್ಲಿ. ಓದಲು ಬಾರದ ರೈತನಿಗೆ ಮುನ್ಶಿ ಓದಿ ಹೇಳಿದ್ದೇ ಕಾಯಿದೆ. ಓದಬಲ್ಲವನ ಕೈಯಲ್ಲಿ ಬಲವೂ ಇತ್ತು, ಮೋಸಕ್ಕೆ ದಾರಿಯೂ ಇತ್ತು. ನಾನು ಅವನ ಕುಲದವನೇ. ಉರ್ದು ಹೋಗಿ ಇಂಗ್ಲಿಷ್ ಬಂದಿದೆ.

ಮೋಸ ಎಂದೆನಲ್ಲ, ಹೇಳಬೇಕಾದ್ದು ಅದೇ. ನನ್ನ ಮೊದಲ ನೌಕರಿಯ ಎರಡನೇ ವರ್ಷ, ಸೆಪ್ಟೆಂಬರ್ ಕೊನೆ. ಹಿರಿಯರೊಬ್ಬರು ಬಂದು ಜೂನ್ ತಿಂಗಳ ನಿರ್ದೇಶಕ ಮಂಡಳಿ ಸಭೆಯ ನಡಾವಳಿ ಬರಿ ಅಂದರು.

"ಸಭೆ ಆಗಿತ್ತಾ ಸರ್?"

"ಆಗಿದೆ ಅಂತ ಬರಿ, ಆಗ್ತದೆ."

ಅವರು ನಕ್ಕರು. ನಾನೂ ನಕ್ಕೆ, ಹೊಟ್ಟೆಪಾಡು ನೋಡಿ. ಬರೆದುಕೊಟ್ಟೆ. ಕೋರಂ ಇತ್ತು, ಚರ್ಚೆಯಾಯಿತು, ವಂದನಾರ್ಪಣೆಯೊಂದಿಗೆ ಸಭೆ ಮುಗಿಯಿತು. ಇಲ್ಲದ ಸಭೆಗೆ ಚಹಾ ಕೊಡುವುದೊಂದು ಬಾಕಿ! ಮನೆಗೆ ಬಂದು 2013ರ ಕಂಪನಿ ಕಾಯಿದೆಯ 118ನೇ ಕಲಂ ತೆಗೆದೆ. ಸಭೆ ಮುಗಿದ 30 ದಿನದೊಳಗೆ ನಡಾವಳಿ ದಾಖಲಾಗಬೇಕು. ಅದನ್ನು ತಿದ್ದಿದ್ದು ರುಜುವಾತಾದರೆ 2 ವರ್ಷದವರೆಗೆ ಜೈಲು. ನಾನು ತಿದ್ದಿರಲಿಲ್ಲ, ಪೂರ್ತಿ ಹುಟ್ಟಿಸಿದ್ದೆ. ಮರುದಿನ ಕರಡು ವಾಪಸ್ ಕೇಳಿದೆ. ಕೊಡಲಿಲ್ಲ. ಇನ್ನೊಬ್ಬ ಹುಡುಗ ಅಚ್ಚುಕಟ್ಟಾಗಿ ಟೈಪು ಮಾಡಿಕೊಟ್ಟ. ಮೂರು ತಿಂಗಳಿಗೆ ನಾನು ಆ ಕಛೇರಿ ಬಿಟ್ಟೆ.

ಸಣ್ಣ ವಿಷಯ ಅನ್ನಬೇಡಿ. ಇದೇ ಊರಿನ ಸತ್ಯಂ ಕಂಪ್ಯೂಟರ್ಸಿನ ಅಧ್ಯಕ್ಷರು, ವರ್ಷಗಟ್ಟಲೆ ಲೆಕ್ಕ ಉಬ್ಬಿಸಿದ್ದನ್ನು 2009ರ ಜನವರಿ 7ರಂದು ತಾವೇ ಪತ್ರ ಬರೆದು ಒಪ್ಪಿಕೊಂಡರು. ಅಲ್ಲಿಯವರೆಗೆ ಕಾಗದದ ಮೇಲೆ ಎಲ್ಲವೂ ನೆಟ್ಟಗೇ ಇತ್ತು. 2015ರ ಏಪ್ರಿಲಿನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ದೋಷಿಗಳೆಂದ ಹತ್ತು ಜನರಲ್ಲಿ ದೊಡ್ಡವರಷ್ಟೇ ಇರಲಿಲ್ಲ, ಸಂಬಳದ ನೌಕರರೂ ಇದ್ದರು. ಮೇಲ್ಮನವಿಯ ಮಾತು ಬೇರೆ.

ಬರುವುದಾದರೆ ಬನ್ನಿ. ಆದರೆ ಎಲ್.ಎಲ್.ಬಿ.ಯನ್ನೋ ಕಂಪನಿ ಸೆಕ್ರೆಟರಿ ಪರೀಕ್ಷೆಯನ್ನೋ ಕಟ್ಟಿ ಮುಗಿಸಿಕೊಂಡು ಬನ್ನಿ. "ಇದು ನಾ ಬರೆಯೋದಿಲ್ಲ ಸರ್" ಅಂದ ದಿನ ಇನ್ನೊಂದು ಬಾಗಿಲು ತಟ್ಟಲಿಕ್ಕೆ ಅದು ಬೇಕಾಗುತ್ತದೆ. ನನಗೆ ಬೇಕಾಗಿತ್ತು.

ಮೊನ್ನೆ ಅವ್ವನಿಗೆ ಹೇಳಿಬಿಟ್ಟೆ: "ಮುನ್ಶಿ ಕೆಲಸ ಮಾಡ್ತೀನವ್ವಾ."

"ಮೊದಲೇ ಹಂಗ ಹೇಳಬಾರದೇನು! ನಿಮ್ಮಜ್ಜನ ಹೊಲದ ಕಾಗದ ಪೆಟ್ಟಿಗ್ಯಾಗ ಅದ. ಬಂದಾಗ ಓದಿ ಹೇಳು" ಅಂದಳು.

ಅದು ಉರ್ದುವಿನಲ್ಲಿದೆ. ನನಗೆ ಓದಲು ಬರುವುದಿಲ್ಲ.