ಮುಪ್ಪಿನ ಮರಕ್ಕೂ ಬೇಕು ಆರೈಕೆ

ನ್ಯಾಮತಿಯ ಒಂದು ಹಳೆಯ ಮನೆ. ಹಿತ್ತಿಲಲ್ಲಿ ಅಜ್ಜ ನೆಟ್ಟ ಮಾವಿನ ಮರ. ಅಜ್ಜ ಈಗಿಲ್ಲ, ಮರ ಇದೆ. ಒಂದು ವರ್ಷ ಮೈತುಂಬ ಕಾಯಿ ಬಿಟ್ಟರೆ ಮರುವರ್ಷ ಖಾಲಿ. ಬೇಸಿಗೆಯ ಒಂದು ಸಂಜೆ ಗುಡುಗು, ಬಿರುಗಾಳಿ ಎದ್ದು ತೊಡೆ ಗಾತ್ರದ ಒಣ ಕೊಂಬೆಯೊಂದು ಬಚ್ಚಲುಮನೆಯ ಹೆಂಚಿನ ಮೇಲೆ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಅಪ್ಪ ಮರ ಕಡಿಯುವವರಿಗೆ ಹೇಳಿಕಳುಹಿಸಿದರು.

'ಏನಪ್ಪಾ, ವಯಸ್ಸಾದೋರನ್ನೆಲ್ಲ ಮನೆಯಿಂದ ಹೊರಗೆ ಹಾಕ್ತೀಯಾ?' ಎಂದರು ಅಜ್ಜಿ.

'ಮಕ್ಕಳು ಓಡಾಡೋ ಜಾಗ ಅವ್ವಾ, ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?' ಎಂದರು ಅಪ್ಪ.

ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಇಬ್ಬರ ಮುಖವನ್ನೂ ನೋಡಿದಳು. ಅಪ್ಪನ ಭಯ ಸುಳ್ಳಲ್ಲ. ಅಜ್ಜಿಯ ಸಂಕಟವೂ ಸುಳ್ಳಲ್ಲ. ಹಾಗಾದರೆ ಮರ ಉಳಿಯಬೇಕೋ ಹೋಗಬೇಕೋ ಎಂಬುದನ್ನು ತೀರ್ಮಾನಿಸುವುದು ಹೇಗೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರುಗಳ ಅನೇಕ ಮನೆಗಳಲ್ಲಿ ಇಂಥ ಪ್ರಶ್ನೆ ಎದುರಾಗುತ್ತದೆ. ನಾಲ್ಕೂ ದಾವಣಗೆರೆ ಜಿಲ್ಲೆಗೆ ಸೇರಿದವೇ ಆದರೂ ಹವೆ ಒಂದೇ ತೆರನಲ್ಲ. ಚನ್ನಗಿರಿ ಅಡಿಕೆ, ತೆಂಗುಗಳ ಸೀಮೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ನ್ಯಾಮತಿಯಿಂದ ಪಶ್ಚಿಮಕ್ಕೆ ಹೋದಂತೆ ಮಲೆನಾಡಿನ ಸೆರಗು ಕಾಣುತ್ತದೆ. ಜಗಳೂರು ಬರಕ್ಕೆ ಹೆಸರಾದದ್ದು. ಕರಾವಳಿಯ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಜಗಳೂರಿನ ಪಾಲಿಗೆ ಅದರ ಐದನೆಯ ಒಂದು ಭಾಗವೂ ಇಲ್ಲ. ಕಡಲತೀರದ ಹದವಾದ ತೇವದಲ್ಲಿ ಮರಕ್ಕೆ ಮುಖ್ಯ ಶತ್ರು ಕೊಳೆತ. ಒಣಸೀಮೆಯಲ್ಲಿ ಅದಕ್ಕೆ ಮೊದಲು ಬಾಯಾರಿಕೆ, ಆಮೇಲೆ ಕೊಳೆತ.

ಪೊಳ್ಳಾದರೂ ಬದುಕುವುದು ಹೇಗೆ?

ಮರದ ಕಾಂಡವೆಲ್ಲ ಜೀವಂತವಲ್ಲ. ತೊಗಟೆಯ ಒಳಗೆ ಕ್ಯಾಂಬಿಯಂ ಎಂಬ ತೆಳುವಾದ ಜೀವಕೋಶಗಳ ಪದರವಿದೆ. ಅದು ಹೊರಗಡೆಗೆ ಆಹಾರ ಸಾಗಿಸುವ ಫ್ಲೋಯಂ ಅನ್ನೂ ಒಳಗಡೆಗೆ ನೀರು ಸಾಗಿಸುವ ಕ್ಸೈಲಂ ಅನ್ನೂ ಹುಟ್ಟಿಸುತ್ತದೆ. ನಡುವಿನ ಚೇಗು ಜೀವವಿಲ್ಲದ ಭಾಗ. ಅದು ಕೊಳೆತು ಪೊಳ್ಳಾದರೂ ಹೊರಗಿನ ಪದರಗಳು ಗಟ್ಟಿಯಾಗಿದ್ದರೆ ಮರ ಬದುಕುತ್ತದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿನಲ್ಲಿ ಒಡಲು ಪೊಳ್ಳಾದ, ಶತಮಾನಗಳಷ್ಟು ಹಳೆಯ ಮರಗಳು ಇಂದಿಗೂ ಚಿಗುರುತ್ತವೆ. 2007ರಲ್ಲಿ ಆ ತೋಪನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಬೆಂಗಳೂರಿನ ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರದ ತಾಯಿಕಾಂಡ ರೋಗದಿಂದ ಸತ್ತರೂ ಬಿಳಲುಗಳ ಆಸರೆಯಲ್ಲಿ ಮರ ಉಳಿದುಕೊಂಡಿದೆ.

ಮನುಷ್ಯನಿಗೆ ಗಾಯವಾದರೆ ಹಳೆಯ ಚರ್ಮದ ಜಾಗದಲ್ಲಿ ಹೊಸದು ಬರುತ್ತದೆ. ಮರ ಹಾಗಲ್ಲ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶಿಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದ. ಗಾಯವಾದ ಭಾಗವನ್ನು ಮರ ವಾಸಿ ಮಾಡಿಕೊಳ್ಳುವುದಿಲ್ಲ. ಅದರ ಸುತ್ತ ರಾಸಾಯನಿಕ ಗೋಡೆ ಕಟ್ಟಿ, ಕೊಳೆತವನ್ನು ಅಲ್ಲೇ ಬಂಧಿಸಿ, ಹೊರಗೆ ಹೊಸ ಮರ ಬೆಳೆಸಿಕೊಳ್ಳುತ್ತದೆ ಎಂಬುದು 1970ರ ದಶಕದಲ್ಲಿ ಆತ ಕೊಟ್ಟ ವಿವರಣೆ. ಎಳೆಯ ಮರ ಈ ಗೋಡೆಯನ್ನು ಬೇಗ ಕಟ್ಟುತ್ತದೆ. ಮುದಿ ಮರಕ್ಕೆ ಶಕ್ತಿಯ ಉಳಿತಾಯ ಕಡಿಮೆ. ಆದ್ದರಿಂದ ಅದಕ್ಕೆ ಮಾಡುವ ಒಂದೊಂದು ಗಾಯವೂ ದುಬಾರಿ.

ನಾವೇ ಮಾಡುವ ತಪ್ಪುಗಳು

ಅನೇಕ ಮನೆಮರಗಳು ವಯಸ್ಸಿಗಿಂತ ಮೊದಲೇ ಸಾಯುವುದು ಮನೆಯವರ ಕೈಯಿಂದಲೇ. ಬೇರೆಂದರೆ ಪಾತಾಳಕ್ಕೆ ಇಳಿದದ್ದು ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವವಾಗಿ ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಬೇರೂ ಉಸಿರಾಡಬೇಕು. ಅಂಗಳ ಚೊಕ್ಕಟವಾಗಿರಲೆಂದು ಬುಡದವರೆಗೆ ಸಿಮೆಂಟು ಬಳಿದರೆ ಮಣ್ಣಿಗೆ ಗಾಳಿಯೂ ಇಲ್ಲ, ಮಳೆನೀರೂ ಇಲ್ಲ. ನಲ್ಲಿಯ ಪೈಪಿಗೋ ಚರಂಡಿಗೋ ಬುಡದ ಪಕ್ಕದಲ್ಲೇ ಅಗೆದು ದಪ್ಪ ಬೇರು ಕಡಿದರೆ ಮರ ಎರಡು ಮೂರು ವರ್ಷಗಳ ನಂತರ ಒಣಗತೊಡಗುತ್ತದೆ. ಆ ವೇಳೆಗೆ ಅಗೆದದ್ದು ಯಾರಿಗೂ ನೆನಪಿರುವುದಿಲ್ಲ.

ಬುಡದಲ್ಲಿ ಕಸ ಸುಡುವುದು ಇನ್ನೊಂದು ತಪ್ಪು. ಬೆಂಕಿಯ ಕಾವು ತೊಗಟೆಯ ಕೆಳಗಿನ ಕ್ಯಾಂಬಿಯಂ ಅನ್ನು ಬೇಯಿಸಿಬಿಡುತ್ತದೆ. ಬಟ್ಟೆ ಒಣಹಾಕಲು ಕಾಂಡಕ್ಕೆ ಬಿಗಿದ ತಂತಿ, ಮರ ದಪ್ಪವಾದಂತೆ ಕೊರಳಿಗೆ ಉರುಳಾಗುತ್ತದೆ. ಪೊಟರೆಗೆ ಸಿಮೆಂಟು ತುಂಬುವ ಪದ್ಧತಿಯನ್ನೂ ತಜ್ಞರು ಈಗ ಕೈಬಿಟ್ಟಿದ್ದಾರೆ. ಗಾಳಿಗೆ ಮರ ತೂಗುತ್ತದೆ, ಸಿಮೆಂಟು ತೂಗುವುದಿಲ್ಲ. ನಡುವಿನ ಸಂದಿಯಲ್ಲಿ ನೀರು ನಿಂತು ಕೊಳೆತ ಹೆಚ್ಚುತ್ತದೆ.

ಆರೈಕೆ ಹೀಗೆ

ಜಗಳೂರಿನಂಥ ಕಡೆ ಬೇಸಿಗೆಯಲ್ಲಿ ಹಳೆಯ ಮರಕ್ಕೆ ನೀರು ಕೊಡುವುದಾದರೆ ಕಾಂಡಕ್ಕೆ ಸುರಿಯಬಾರದು. ಕೊಂಬೆಗಳ ತುದಿಯ ನೆರಳು ಬೀಳುವ ಸುತ್ತಳತೆಯಲ್ಲಿ, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ನಿಧಾನವಾಗಿ ಮಣ್ಣು ನೆನೆಯುವಂತೆ ಕೊಡಬೇಕು. ದಿನವೂ ಒಂದು ಚೆಂಬು ಹಾಕುವುದರಿಂದ ಪ್ರಯೋಜನವಿಲ್ಲ. ಉದುರಿದ ಎಲೆಗಳನ್ನು ಗುಡಿಸಿ ಸುಡುವ ಬದಲು ಅಲ್ಲೇ ಮೂರು ನಾಲ್ಕು ಅಂಗುಲ ಹರಡಿದರೆ ತೇವ ಉಳಿಯುತ್ತದೆ, ಮುಂದೆ ಅದೇ ಗೊಬ್ಬರ. ಕಾಂಡಕ್ಕೆ ಮಾತ್ರ ಎಲೆ ತಾಗದಂತೆ ಒಂದು ಗೇಣು ಬಿಡಬೇಕು.

ಕೊಂಬೆ ಕತ್ತರಿಸುವುದಕ್ಕೂ ಕ್ರಮವಿದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದಂಥ ಒಂದು ಉಬ್ಬು ಇರುತ್ತದೆ. ಗೋಡೆ ಕಟ್ಟುವ ಶಕ್ತಿ ಇರುವುದು ಅಲ್ಲಿಯೇ. ಅದನ್ನು ಬಿಟ್ಟು, ಅದರ ಹೊರಗೆ ಕತ್ತರಿಸಬೇಕು. ಉದ್ದನೆಯ ಮೋಟು ಉಳಿಸಲೂಬಾರದು. ದಪ್ಪ ಕೊಂಬೆಯಾದರೆ ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಮೂರನೆಯ ಒಂದು ಭಾಗ ಗರಗಸ ಹಾಕಿ, ಅದರಿಂದ ತುಸು ಆಚೆ ಮೇಲಿನಿಂದ ಕೊಯ್ದು ಕೊಂಬೆ ಉರುಳಿಸಬೇಕು. ಕೊನೆಗೆ ಉಳಿದ ಮೋಟನ್ನು ಉಬ್ಬಿನ ಹೊರಗೆ ತೆಗೆಯಬೇಕು. ಹಾಗೆ ಮಾಡದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಸುಲಿದುಕೊಂಡೇ ಬೀಳುತ್ತದೆ. ಒಣ ಕೊಂಬೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು. ಹಸಿ ಕೊಂಬೆಗಳನ್ನು ಮಾತ್ರ ಒಂದೇ ವರ್ಷದಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಮುದಿ ಮರಕ್ಕೆ ಅದೂ ಹೆಚ್ಚು. ಎಲೆಯೇ ಮರದ ಅಡಿಗೆಮನೆ. ತಲೆ ಬೋಳಿಸಿದ ಮರ ಉಪವಾಸ ಬೀಳುತ್ತದೆ. ಗಾಬರಿಯಿಂದ ಚಿಮ್ಮಿಸಿದ ಹೊಸ ರೆಂಬೆಗಳ ಹಿಡಿತವೂ ಸಡಿಲವಾಗಿದ್ದು ಮುಂದೆ ಅವೇ ಮುರಿದು ಬೀಳುತ್ತವೆ.

ಯಾವಾಗ ಕಡಿಯಲೇಬೇಕು?

ಪ್ರೀತಿ ಇದೆ ಎಂದು ಅಪಾಯವನ್ನು ಕಣ್ಣಿಗೆ ಕಾಣದಂತೆ ಮಾಡಿಕೊಳ್ಳಬಾರದು. ಬುಡದಲ್ಲಿ ತಟ್ಟೆಯಂಥ ಗಟ್ಟಿ ಅಣಬೆ ಮೂಡಿದರೆ ಬೇರು ಕೊಳೆಯುತ್ತಿರುವ ಸೂಚನೆ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಅಣಬೆ ರೋಗ ಹೊಸದಲ್ಲ. ಅದಕ್ಕೆ ಕಾರಣವಾದ ಗ್ಯಾನೋಡರ್ಮಾ ಶಿಲೀಂಧ್ರ ಬೇರೆ ಮರಗಳನ್ನೂ ಹಿಡಿಯುತ್ತದೆ. ನೆಟ್ಟಗಿದ್ದ ಮರ ಇದ್ದಕ್ಕಿದ್ದಂತೆ ವಾಲಿದರೆ, ಬುಡದ ಒಂದು ಕಡೆ ಮಣ್ಣು ಬಿರಿದು ಎದ್ದರೆ, ಎರಡು ದೊಡ್ಡ ಕವಲುಗಳ ನಡುವೆ ಸೀಳು ಕಂಡರೆ ತಡಮಾಡಬಾರದು. ಬೇವಿನ ತುದಿರೆಂಬೆಗಳು ಒಣಗಿದ ಮಾತ್ರಕ್ಕೆ ಮರ ಸತ್ತಿತೆಂದು ತಿಳಿಯಬೇಕಾಗಿಲ್ಲ. ಅದು ಫೋಮಾಪ್ಸಿಸ್ ಎಂಬ ಶಿಲೀಂಧ್ರದ ಕಾಟವಿರಬಹುದು. ಅನೇಕ ಮರಗಳು ಮತ್ತೆ ಚಿಗುರುತ್ತವೆ.

ಕಡಿಯುವುದೇ ಆದರೂ ಕಾನೂನಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇರುವುದರಿಂದ ಅರಣ್ಯ ಇಲಾಖೆಯ ಹತ್ತಿರದ ಕಚೇರಿಯಲ್ಲಿ ಮೊದಲು ವಿಚಾರಿಸುವುದು ಕ್ಷೇಮ. ಮರದ ನಡುವೆ ವಿದ್ಯುತ್ ತಂತಿ ಹಾದಿದ್ದರೆ ವಿದ್ಯುತ್ ಕಚೇರಿಗೆ ತಿಳಿಸದೆ ಯಾರೂ ಕೊಂಬೆ ಮುಟ್ಟಬಾರದು.

ನ್ಯಾಮತಿಯ ಆ ಮನೆಯಲ್ಲಿ ಮರ ಕಡಿಯುವವರು ಬಂದರು. ಅವರಲ್ಲಿ ಹಿರಿಯರೊಬ್ಬರು ಕೊಡಲಿಯ ಹಿಂಬದಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ ನೋಡಿದರು. ಎಲ್ಲ ಕಡೆಯೂ ಗಟ್ಟಿ ಸದ್ದು. ಒಂದೇ ಒಂದು ಕವಲಿನಲ್ಲಿ ಮಾತ್ರ ಡೊಳ್ಳಿನಂಥ ಸದ್ದು ಬಂತು. ಬುಡದಲ್ಲಿ ಅಣಬೆ ಇರಲಿಲ್ಲ, ಮರ ವಾಲಿರಲಿಲ್ಲ. ವರ್ಷ ಬಿಟ್ಟು ವರ್ಷ ಕಾಯಿ ಬಿಡುವುದು ಮಾವಿನ ಅನೇಕ ತಳಿಗಳ ಸ್ವಭಾವ, ಅದು ಮುಪ್ಪಿನ ಲಕ್ಷಣವಲ್ಲ ಎಂದು ಮಗಳು ಪುಸ್ತಕದಲ್ಲಿ ಓದಿದ್ದನ್ನು ಹೇಳಿದಳು. ಕೊನೆಗೆ ಪೊಳ್ಳಾದ ಕವಲು, ಮಾಡಿನ ಮೇಲೆ ಚಾಚಿದ್ದ ಒಣ ಕೊಂಬೆಗಳು ಹೋದವು. ಬುಡದ ಸುತ್ತಲಿನ ಸಿಮೆಂಟನ್ನು ಅಪ್ಪನೇ ಹಾರೆ ಹಿಡಿದು ಕಿತ್ತರು. ಅಜ್ಜಿ ಮಾತನಾಡಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಮಜ್ಜಿಗೆ ತಂದರು.

ಮುಂಗಾರಿಗೆ ಮೊದಲು ಪ್ರತಿ ಮನೆಯ ಮಕ್ಕಳೂ ಮಾಡಬಹುದಾದ ಕೆಲಸವೊಂದಿದೆ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ದಾರ ಸುತ್ತಿ ಮರದ ಸುತ್ತಳತೆ ಬರೆದಿಡಬೇಕು. ಬುಡ, ಕವಲು, ತುದಿ ಹೀಗೆ ಮೂರು ಕಡೆ ನೋಡಿ ಒಣಗಿದ್ದು, ಬಿರಿದದ್ದು, ಅಣಬೆ ಮೂಡಿದ್ದು ಏನಿದೆ ಎಂದು ಗುರುತು ಹಾಕಬೇಕು. ಮರ ಹತ್ತಬಾರದು, ನೆಲದ ಮೇಲೆ ನಿಂತು ನೋಡಿದರೆ ಸಾಕು. ಮುಂದಿನ ವರ್ಷ ಅದೇ ದಿನ ಮತ್ತೆ ಅಳೆದರೆ ಮರ ಇನ್ನೂ ದಪ್ಪವಾಗುತ್ತಿದೆಯೇ ಎಂಬುದು ತಿಳಿಯುತ್ತದೆ. ದಪ್ಪವಾಗುತ್ತಿದ್ದರೆ ಕ್ಯಾಂಬಿಯಂ ಇನ್ನೂ ಕೆಲಸದಲ್ಲಿದೆ, ಮರಕ್ಕೆ ಇನ್ನೂ ಆಯುಸ್ಸಿದೆ ಎಂದರ್ಥ.